ಇಪ್ಪತ್ತೇಳು ದೇಶ, ಹುಕುಂ ಯಾರದು?

ದೊಡ್ಡಪ್ಪ: ನೀನು ಕಾಲೇಜಲ್ಲಿ ಪಾಠ ಮಾಡೋ ಯುರೋಪಿಯನ್ ಯೂನಿಯನ್ ಬಗ್ಗೆ ಪೇಪರಿನಲ್ಲಿ ಓದಿದೆ ಕಣಮ್ಮ. ರಕ್ಷಣೆಗೆ 80,000 ಕೋಟಿ ಯೂರೋ ಹೊಂದಿಸೋ ಯೋಜನೆ ಅಂತೆ. ದುಡ್ಡಿನ ಮಾತು ಆಮೇಲೆ ಆಡೋಣ. ಆರ್ಟಿಲರಿಯಲ್ಲಿ ಸರ್ವಿಸ್ ಮಾಡಿದವನಿಗೆ ಮೊದಲು ಬೇಕಾಗಿರೋದು ಒಂದೇ ಉತ್ತರ. ಇಪ್ಪತ್ತೇಳು ದೇಶಕ್ಕೆ ಸೇರಿ ಒಂದೇ ಭದ್ರತಾ ನೀತಿ ಇದೆ ಅಂತೀಯಲ್ಲ, ಶತ್ರು ಬಂದ ರಾತ್ರಿ ‘ಫೈರ್’ ಅಂತ ಹುಕುಂ ಕೊಡೋರು ಯಾರು?

ಮಗಳು: ಅಂಥವರು ಯಾರೂ ಇಲ್ಲ ದೊಡ್ಡಪ್ಪ. ಬ್ರಸೆಲ್ಸ್‌ನಲ್ಲಿ ಒಂದು ಮಿಲಿಟರಿ ಸಮಿತಿ ಇದೆ. ವಿದೇಶಾಂಗ ಮತ್ತು ಭದ್ರತಾ ನೀತಿ ನೋಡಿಕೊಳ್ಳೋಕೆ ಎಸ್ಟೋನಿಯಾದ ಮಾಜಿ ಪ್ರಧಾನಿ ಕಾಯಾ ಕಲ್ಲಾಸ್ ಬಂದಿದ್ದಾರೆ. 2024ರ ಡಿಸೆಂಬರಿನಲ್ಲಿ ಮೊದಲ ಸಲ ರಕ್ಷಣೆಗೇ ಅಂತ ಒಬ್ಬ ಕಮಿಷನರ್ ಬಂದ್ರು, ಲಿಥುವೇನಿಯಾದ ಆಂಡ್ರಿಯಸ್ ಕುಬಿಲಿಯಸ್. ಆದರೆ ಯೂನಿಯನ್ನಿಗೆ ತನ್ನದು ಅನ್ನೋ ಒಬ್ಬ ಜವಾನನೂ ಇಲ್ಲ. ಸೈನ್ಯವೆಲ್ಲ ಆಯಾ ದೇಶದ್ದು. ಒಂದು ಕಾರ್ಯಾಚರಣೆ ಶುರುವಾಗಬೇಕಾದರೆ ಎಲ್ಲ ಸರ್ಕಾರಗಳೂ ಒಪ್ಪಬೇಕು. ಒಪ್ಪಿದ ಮೇಲೂ ಯಾರು ಎಷ್ಟು ಜನ ಕಳಿಸ್ತಾರೆ ಅನ್ನೋದು ಅವರವರಿಗೆ ಬಿಟ್ಟದ್ದು.

ದೊಡ್ಡಪ್ಪ: ಹಾಗಾದರೆ ಅದು ಕರಾರು. ರಕ್ಷಣೆ ಅಂತ ಹೇಗೆ ಕರೀತೀಯ?

ಮಗಳು: ಒಂದು ಸಲ ನಿಜವಾದ ಸೈನ್ಯ ಕಟ್ಟೋಕೇ ಹೊರಟಿದ್ರು. 1950ರ ಅಕ್ಟೋಬರಿನ ಮಾತು. ಕೊರಿಯಾದಲ್ಲಿ ಯುದ್ಧ ಶುರುವಾಗಿತ್ತು, ಪಶ್ಚಿಮ ಜರ್ಮನಿಗೆ ಮತ್ತೆ ಶಸ್ತ್ರ ಕೊಡಬೇಕು ಅಂತ ಅಮೆರಿಕ ಪಟ್ಟು ಹಿಡಿದಿತ್ತು. ಹಿಟ್ಲರ್ ಸತ್ತು ಐದೇ ವರ್ಷ ಆಗಿತ್ತು ಆಗ. ಫ್ರಾನ್ಸಿನ ಪ್ರಧಾನಿ ರೆನೆ ಪ್ಲೆವೆನ್ ಒಂದು ದಾರಿ ಹುಡುಕಿದ್ರು: ಜರ್ಮನ್ ಸೈನಿಕರು ಇರಲಿ, ಜರ್ಮನ್ ಸೈನ್ಯ ಬೇಡ, ಎಲ್ಲರೂ ಯುರೋಪಿನ ಒಂದೇ ಸೈನ್ಯದೊಳಗೆ ಬರಲಿ. 1952ರ ಮೇ 27ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಪ್ಯಾರಿಸ್‌ನಲ್ಲಿ ಸಹಿ ಹಾಕಿದವು. ಒಂದೇ ಸಮವಸ್ತ್ರ, ಒಂದೇ ಬಜೆಟ್.

ದೊಡ್ಡಪ್ಪ: ಸಮವಸ್ತ್ರವೂ ಒಂದೇ? ರೆಜಿಮೆಂಟಿನ ಹೆಸರಿಗೆ, ಅದರ ಘೋಷಕ್ಕೆ ಜನ ಪ್ರಾಣ ಕೊಡ್ತಾರೆ. ಅದನ್ನ ಬಿಟ್ಟುಕೊಡೋಕೆ ಯಾರು ಒಪ್ತಾರೆ?

ಮಗಳು: ಒಪ್ಪಲಿಲ್ಲ. ಯೋಜನೆ ಮುಂದಿಟ್ಟ ಫ್ರಾನ್ಸೇ ಒಪ್ಪಲಿಲ್ಲ. ಎರಡು ವರ್ಷ ಅದು ಸಂಸತ್ತಿನ ಮುಂದೆ ಬರಲೇ ಇಲ್ಲ. ಅಷ್ಟರೊಳಗೆ ಸ್ಟಾಲಿನ್ ತೀರಿಕೊಂಡ್ರು, ಕೊರಿಯಾದಲ್ಲಿ ಯುದ್ಧ ನಿಂತಿತು, ಹೆದರಿಕೆ ಇಳಿಯಿತು. 1954ರ ಮೇ ತಿಂಗಳಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೈನ್ಯ ಸೋತು ಶರಣಾಯಿತು. ಆ ಗಾಯ ಆರುವ ಮುಂಚೆ ನಿಮ್ಮ ಸೈನ್ಯವನ್ನ ಜರ್ಮನರ ಜೊತೆ ಬೆರೆಸಿ ಅಂದರೆ ಯಾರು ಕೇಳ್ತಾರೆ? ಆಗಸ್ಟ್ 30ಕ್ಕೆ ಮತ ಹಾಕಿದ್ರು. 319 ಜನ ಬೇಡ ಅಂದ್ರು, 264 ಜನ ಬೇಕು ಅಂದ್ರು. ಗೆದ್ದವರು ಸದನದಲ್ಲೇ ಎದ್ದು ನಿಂತು ರಾಷ್ಟ್ರಗೀತೆ ಹಾಡಿದ್ರು. ಮರುವರ್ಷದ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ಅಮೆರಿಕ ಮುಂದಾಳಾಗಿದ್ದ ಸೇನಾ ಕೂಟ ನ್ಯಾಟೋ ಸೇರಿತು. ಅಲ್ಲಿಂದ ಮುಂದೆ ನಲವತ್ತು ವರ್ಷ ಯುರೋಪಿನ ರಕ್ಷಣೆ ಅಂದರೆ ಅಮೆರಿಕದ ರಕ್ಷಣೆ.

ದೊಡ್ಡಪ್ಪ: ಅಮೆರಿಕ ಇರುವಾಗ ಇವರಿಗೆ ಇನ್ನೊಂದು ಯಾಕೆ ಬೇಕಾಯಿತು?

ಮಗಳು: ಬೋಸ್ನಿಯಾ ಕಾರಣ. 1991ರಲ್ಲಿ ಯುಗೊಸ್ಲಾವಿಯಾ ಒಡೆಯೋಕೆ ಶುರುವಾದಾಗ ಇದು ಯುರೋಪಿನ ಗಳಿಗೆ, ನಾವೇ ನೋಡಿಕೊಳ್ತೀವಿ ಅಂತ ಲಕ್ಸೆಂಬರ್ಗಿನ ವಿದೇಶಾಂಗ ಸಚಿವ ಜಾಕ್ ಪೂಸ್ ಧೈರ್ಯವಾಗಿ ಹೇಳಿದ್ರು. ಮುಂದಿನ ವರ್ಷವೇ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಬಿತ್ತು, ಒಂದೇ ವಿದೇಶಾಂಗ ನೀತಿ, ಒಂದೇ ಭದ್ರತಾ ನೀತಿ ಅಂತ ಬರೆದುಕೊಂಡ್ರು. ಅದೇ ಹೊತ್ತಿನಲ್ಲಿ ಬೋಸ್ನಿಯಾದ ರಾಜಧಾನಿ ಸರಾಯೆವೋ ಮೇಲೆ ಶೆಲ್ ಬೀಳ್ತಿತ್ತು. ಸ್ರೆಬ್ರೆನಿತ್ಸಾ ಊರನ್ನ ವಿಶ್ವಸಂಸ್ಥೆ ಸುರಕ್ಷಿತ ಪ್ರದೇಶ ಅಂತ ಘೋಷಿಸಿತ್ತು. ಕಾವಲಿಗೆ ಇದ್ದದ್ದು ನೆದರ್ಲೆಂಡ್ಸ್‌ನ ನಾಲ್ಕುನೂರರಷ್ಟು ಸೈನಿಕರು. ಪೊತೋಚರಿ ಅನ್ನೋ ಜಾಗದಲ್ಲಿ ಒಂದು ಹಳೇ ಬ್ಯಾಟರಿ ಕಾರ್ಖಾನೆ ಅವರ ನೆಲೆ.

ದೊಡ್ಡಪ್ಪ: ನಾಲ್ಕುನೂರು ಜನ. ಭಾರೀ ಗನ್ ಇತ್ತಾ?

ಮಗಳು: ಇರಲಿಲ್ಲ. ಕೈಯಲ್ಲಿ ಹಗುರ ಆಯುಧ, ತಲೆ ಮೇಲೆ ನೀಲಿ ಹೆಲ್ಮೆಟ್. 1995ರ ಜುಲೈನಲ್ಲಿ ಸರ್ಬ್ ಪಡೆ ಒಳಗೆ ನುಗ್ಗಿದಾಗ ವಿಮಾನದ ನೆರವು ಕೇಳಿದ್ರು. ಬಂದದ್ದು ತಡವಾಗಿ, ಬಂದದ್ದೂ ಒಂದಿಷ್ಟು. ಸಾವಿರಾರು ಜನ ಜೀವ ಉಳಿಸಿಕೊಳ್ಳೋಕೆ ಆ ಕಾರ್ಖಾನೆಯ ಗೇಟಿಗೆ ಬಂದು ನಿಂತ್ರು. ಮುಂದಿನ ಕೆಲವೇ ದಿನಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರನ್ನ, ಹುಡುಗರನ್ನ ಕೊಂದ್ರು. ಆ ಹತ್ಯಾಕಾಂಡದ ಬಗ್ಗೆ ಬಂದ ವರದಿಯ ಭಾರಕ್ಕೆ 2002ರಲ್ಲಿ ನೆದರ್ಲೆಂಡ್ಸ್ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಕಾರ್ಖಾನೆಯೊಳಗೆ ಆಶ್ರಯ ಪಡೆದಿದ್ದ 350 ಗಂಡಸರನ್ನ ಆಚೆ ಕಳಿಸಿದ್ದಕ್ಕೆ ಸರ್ಕಾರ ಶೇ. 10ರಷ್ಟು ಹೊಣೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ಅವರು ಹೋಗಿದ್ದು ವಿಶ್ವಸಂಸ್ಥೆಯ ಹೆಸರಲ್ಲಿ ನಿಜ. ಆದರೆ ಅದು ಯುರೋಪಿನ ನೆಲ, ಸತ್ತವರು ಯುರೋಪಿನ ಜನ, ನಿಂತು ನೋಡಿದ್ದೂ ಯುರೋಪಿನ ಸೈನಿಕರೇ.

ದೊಡ್ಡಪ್ಪ: ಆ ಜವಾನರನ್ನ ನಾನು ದೂರಲಾರೆ ಕಣಮ್ಮ. ಕಾವಲಿಗೆ ಕಳಿಸಿ, ಕಾಯೋಕೆ ಬೇಕಾದ್ದು ಕೊಡದೆ, ಹುಕುಂ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲದೆ ನಿಲ್ಲಿಸೋದು ದೊಡ್ಡ ಅನ್ಯಾಯ. ಊರಿನ ಜನಕ್ಕೆ ಅದಕ್ಕಿಂತ ದೊಡ್ಡ ಅನ್ಯಾಯ. ಯಾರೂ ಕಾಯೋದಿಲ್ಲ ಅಂತ ಗೊತ್ತಿದ್ದರೆ ಅವರು ಓಡಿಯಾದರೂ ಹೋಗ್ತಿದ್ರು.

ಮಗಳು: ಆ ನಾಚಿಕೆಯಿಂದಲೇ ಈಗಿನ ನೀತಿ ಹುಟ್ಟಿದ್ದು ಅಂತ ನಾನು ಹುಡುಗರಿಗೆ ಹೇಳ್ತೀನಿ. 1998ರ ಡಿಸೆಂಬರ್ 4ರಂದು ಫ್ರಾನ್ಸಿನ ಸೇಂಟ್ ಮಾಲೋ ಅನ್ನೋ ಬಂದರಿನಲ್ಲಿ ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್, ಫ್ರಾನ್ಸಿನ ಅಧ್ಯಕ್ಷ ಜಾಕ್ ಶಿರಾಕ್ ಕೂತು, ಯುರೋಪಿಗೆ ಸ್ವಂತ ಬಲದ ಮೇಲೆ ಕೆಲಸ ಮಾಡೋ ಸೇನಾ ಸಾಮರ್ಥ್ಯ ಬೇಕು ಅಂತ ಹೇಳಿಕೆ ಕೊಟ್ರು. ಮರುವರ್ಷ ಹೆಲ್ಸಿಂಕಿಯಲ್ಲಿ ಲೆಕ್ಕ ಹಾಕಿದ್ರು: ಅರವತ್ತು ದಿನದೊಳಗೆ ಐವತ್ತರಿಂದ ಅರವತ್ತು ಸಾವಿರ ಸೈನಿಕರು ಹೊರಡಬೇಕು, ಒಂದು ವರ್ಷ ಅಲ್ಲೇ ನಿಲ್ಲಬೇಕು.

ದೊಡ್ಡಪ್ಪ: ಹೊರಟ್ರಾ?

ಮಗಳು: ಅಷ್ಟು ದೊಡ್ಡ ಪಡೆ ಎಂದೂ ಹೊರಡಲಿಲ್ಲ. ಸಣ್ಣ ಪಡೆಗಳು ಹೊರಟವು, ಕೆಲವು ಒಳ್ಳೇ ಕೆಲಸವನ್ನೇ ಮಾಡಿದವು. 2003ರಲ್ಲಿ ಕಾಂಗೋದ ಬುನಿಯಾ ಪಟ್ಟಣದಲ್ಲಿ ಬುಡಕಟ್ಟುಗಳ ನಡುವೆ ಕೊಲೆ ನಡೀತಿತ್ತು, ವಿಶ್ವಸಂಸ್ಥೆಯ ಕೈ ಸಾಲದೆ ಕೋಫಿ ಅನ್ನಾನ್ ನೆರವು ಕೇಳಿದ್ರು. ಜೂನ್‌ನಲ್ಲಿ ಯೂನಿಯನ್ ಪಡೆ ಹೋಯಿತು, ಬಹುಪಾಲು ಫ್ರೆಂಚರು. ವಿಮಾನ ನಿಲ್ದಾಣ ಹಿಡಿದು, ಪಟ್ಟಣದಲ್ಲಿ ಶಾಂತಿ ತಂದು, ಸೆಪ್ಟೆಂಬರಿಗೆ ವಿಶ್ವಸಂಸ್ಥೆಗೆ ಒಪ್ಪಿಸಿ ವಾಪಸು ಬಂತು. ಸೋಮಾಲಿಯಾ ಕಡಲ್ಗಳ್ಳರ ಮೇಲೆ 2008ರಲ್ಲಿ ‘ಅಟಲಾಂಟಾ’ ಅನ್ನೋ ನೌಕಾ ಕಾರ್ಯಾಚರಣೆ ಶುರುವಾಯಿತು. ಅದೇ ವರ್ಷ ನಮ್ಮ ನೌಕಾಪಡೆಯೂ ಏಡನ್ ಕೊಲ್ಲಿಗೆ ಹೋದದ್ದು ನಿಮಗೆ ಗೊತ್ತಿದೆ.

ದೊಡ್ಡಪ್ಪ: ಗೊತ್ತು. ಕಳ್ಳರನ್ನ ಓಡಿಸೋದು ಬೇರೆ, ದೇಶ ಕಾಯೋದು ಬೇರೆ.

ಮಗಳು: ಹೌದು. ದೇಶ ಕಾಯೋ ಮಾತಿಗೆ ಬಂದರೆ ‘ಬ್ಯಾಟಲ್ ಗ್ರೂಪ್’ ಕಥೆ ಕೇಳಬೇಕು. ಒಂದೊಂದರಲ್ಲಿ 1,500 ಜನ. ಒಂದೆರಡು ದೇಶ ಸೇರಿ ಆರು ತಿಂಗಳು ಸಜ್ಜಾಗಿ ನಿಲ್ಲಬೇಕು, ಆಮೇಲೆ ಇನ್ನೊಬ್ಬರ ಸರದಿ. 2007ರಲ್ಲಿ ಪೂರ್ತಿ ಸಜ್ಜಾದವು. ಅಲ್ಲಿಂದಾಚೆ ಒಂದು ಸಲವೂ ಯುದ್ಧಭೂಮಿಗೆ ಹೋಗಿಲ್ಲ.

ದೊಡ್ಡಪ್ಪ: ಯಾಕೆ? ತಾಲೀಮು ಸಾಲದೇ?

ಮಗಳು: ತಾಲೀಮು ಚೆನ್ನಾಗೇ ಇತ್ತು. ಹಣ ಮತ್ತು ಮನಸ್ಸು ಎರಡೂ ಕಟ್ಟಿಹಾಕಿದವು. ಸೇನಾ ಕಾರ್ಯಾಚರಣೆಯ ಖರ್ಚನ್ನ ಯೂನಿಯನ್ ಬಜೆಟ್ಟಿನಿಂದ ಕೊಡಕೂಡದು ಅಂತ ಒಪ್ಪಂದದಲ್ಲೇ ಬರೆದಿದೆ. ಯಾರ ಪಡೆ ಹೋಗುತ್ತೋ ಬಹುಪಾಲು ಖರ್ಚು ಅವರದೇ. ಸರದಿ ಬಂದ ದೇಶಕ್ಕೆ ಹೆಣವೂ ತನ್ನದು, ಬಿಲ್ಲೂ ತನ್ನದು. ಅದಕ್ಕೇ ಸರದಿಯಲ್ಲಿ ಇರುವವರು ಕಾರ್ಯಾಚರಣೆ ಬೇಡ ಅಂತಾರೆ. 2021ರ ಆಗಸ್ಟಿನಲ್ಲಿ ಕಾಬೂಲ್ ಬಿದ್ದಾಗ ಅಮೆರಿಕದವರು ಹೊರಟರೆ ವಿಮಾನ ನಿಲ್ದಾಣವನ್ನ ತಾವೇ ಹಿಡಿದಿಟ್ಟುಕೊಳ್ಳೋಕೆ ಯುರೋಪಿನವರಿಂದ ಆಗಲಿಲ್ಲ. ಆ ಪೆಟ್ಟು ತಿಂದ ಮೇಲೆ 2022ರ ಮಾರ್ಚಿನಲ್ಲಿ ಐದು ಸಾವಿರ ಜನರ ತುರ್ತು ಪಡೆ ಕಟ್ಟೋ ತೀರ್ಮಾನ ಮಾಡಿದ್ರು.

ದೊಡ್ಡಪ್ಪ: ಅರವತ್ತು ಸಾವಿರದಿಂದ ಶುರುವಾಗಿ ಐದು ಸಾವಿರಕ್ಕೆ ಬಂದಿದ್ದಾರೆ. ಇದು ನನಗೆ ನೋವಿನ ವಿಷಯವಾಗಿಯೇ ಕಾಣುತ್ತೆ. ಸರಿ, ನ್ಯಾಟೋದಲ್ಲಿ ಐದನೇ ವಿಧಿ ಇದೆಯಲ್ಲ, ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದ ಹಾಗೆ ಅಂತ. ಇಲ್ಲಿ ಅಂಥದ್ದು ಇಲ್ವಾ?

ಮಗಳು: ಇದೆ. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದಲ್ಲಿ 42ನೇ ವಿಧಿಯ ಏಳನೇ ಕಲಂ. ಮಾತಿನ ಬಿಗಿ ನೋಡಿದರೆ ನ್ಯಾಟೋದ್ದಕ್ಕಿಂತ ಗಟ್ಟಿ. ತನಗೆ ಅಗತ್ಯ ಅನಿಸಿದ್ದನ್ನ ಮಾಡಿದರೆ ಸಾಕು ಅನ್ನುತ್ತೆ ನ್ಯಾಟೋ. ಕೈಲಾದ ಎಲ್ಲ ರೀತಿಯಲ್ಲೂ ನೆರವಾಗಲೇಬೇಕು ಅನ್ನುತ್ತೆ ಇದು. ಒಂದೇ ಒಂದು ಸಲ ಬಳಕೆಯಾಗಿದೆ. 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ ಭಯೋತ್ಪಾದಕರು 130 ಜನರನ್ನ ಕೊಂದಾಗ ಫ್ರಾನ್ಸ್ ಕೇಳಿತು, ಎಲ್ಲರೂ ಒಕ್ಕೊರಲಿನಿಂದ ಒಪ್ಪಿದ್ರು. ಆಮೇಲೆ ಫ್ರಾನ್ಸ್ ಒಂದೊಂದು ದೇಶದ ಜೊತೆ ಬೇರೆ ಬೇರೆಯಾಗಿ ಕೂತು ನೆರವು ಕೇಳಬೇಕಾಯಿತು. ಜರ್ಮನಿ ಒಂದು ಯುದ್ಧನೌಕೆ, ಕಣ್ಗಾವಲು ವಿಮಾನ ಕಳಿಸಿತು.

ದೊಡ್ಡಪ್ಪ: ನ್ಯಾಟೋದ ವಿಧಿಗೆ ಬಲ ಬಂದಿರೋದು ಅಕ್ಷರದಿಂದಲ್ಲ. ಅದರ ಹಿಂದೆ ಹೆಡ್‌ಕ್ವಾರ್ಟರ್ಸ್ ಇದೆ, ನಕ್ಷೆ ಇದೆ, ಯಾರು ಯಾವ ರಸ್ತೆಯಲ್ಲಿ ಬರಬೇಕು ಅಂತ ಮೊದಲೇ ಬರೆದಿಟ್ಟಿದ್ದಾರೆ. ನಿನ್ನ ಕಲಂ ಹಿಂದೆ ಅದಿಲ್ಲ. ಇನ್ನೊಂದು ಕೇಳ್ತೀನಿ. ಸೈಪ್ರಸ್ ಈ ಯೂನಿಯನ್ನಿನಲ್ಲಿ ಇದೆ ತಾನೇ?

ಮಗಳು: 2004ರಿಂದ. ಸೈಪ್ರಸ್ ಯಾಕೆ ನೆನಪಾಯಿತು?

ದೊಡ್ಡಪ್ಪ: ನಮ್ಮ ತಿಮ್ಮಯ್ಯ ಸಾಹೇಬರು ತೀರಿಕೊಂಡದ್ದು ಅಲ್ಲೇ ಕಣಮ್ಮ. ಮಡಿಕೇರಿಯವರು, ಭೂಸೇನೆಯ ಮುಖ್ಯಸ್ಥರಾಗಿದ್ದವರು. ನಿವೃತ್ತಿಯಾದ ಮೇಲೆ 1964ರಲ್ಲಿ ವಿಶ್ವಸಂಸ್ಥೆ ಅವರನ್ನ ಸೈಪ್ರಸ್ ಶಾಂತಿಪಡೆಯ ಕಮಾಂಡರ್ ಮಾಡಿತು. ಗ್ರೀಕರು, ತುರ್ಕರು ಒಂದೇ ಊರಿನಲ್ಲಿ ಮರಳ ಚೀಲ ಪೇರಿಸಿಕೊಂಡು ಬಂದೂಕು ಹಿಡಿದು ಕೂತಿದ್ರು. ಇವರು ಇಬ್ಬರ ಮಧ್ಯೆ ನಿಂತ್ರು. 1965ರ ಡಿಸೆಂಬರಿನಲ್ಲಿ ಕೆಲಸದಲ್ಲಿರುವಾಗಲೇ ಹೃದಯಾಘಾತವಾಗಿ ಹೋದ್ರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ಚಿತ್ರ ಇರೋ ಅಂಚೆಚೀಟಿ ತಂದಿತು. ಎರಡೂ ಕಡೆಯವರು ನಂಬಿದ ಮನುಷ್ಯ. ಆಮೇಲೆ 1974ರಲ್ಲಿ ತುರ್ಕಿ ಸೈನ್ಯ ಇಳಿದು ದ್ವೀಪದ ಉತ್ತರ ಭಾಗ ಹಿಡಿದುಕೊಂಡಿತು. ಇವತ್ತಿಗೂ ಬಿಟ್ಟಿಲ್ಲ. ಹಾಗಾದರೆ ಯೂನಿಯನ್ನಿನ ಒಂದು ಸದಸ್ಯ ದೇಶದ ನೆಲದ ಮೇಲೆ ಪರದೇಶದ ಸೈನ್ಯ ನಿಂತಿದೆ. ನಿನ್ನ ಏಳನೇ ಕಲಂ ಅಲ್ಲಿ ಏನು ಮಾಡುತ್ತೆ?

ಮಗಳು: ಸೈಪ್ರಸ್ ಸೇರುವಾಗಲೇ ಒಡೆದ ದ್ವೀಪ. ಯಾರೂ ಆ ಕಲಂ ಹಿಡಿದು ತುರ್ಕಿಯ ಮೇಲೆ ಹೋಗೋದಿಲ್ಲ, ಯಾಕೆಂದರೆ ತುರ್ಕಿ ನ್ಯಾಟೋದಲ್ಲಿ ಇದೆ, ಯೂನಿಯನ್ನಿನ ಬಹುಪಾಲು ದೇಶಗಳಿಗೆ ಅದು ಮಿತ್ರದೇಶ. ಇದರ ಪರಿಣಾಮ ಇನ್ನೂ ದೂರ ಹೋಗಿದೆ. ನ್ಯಾಟೋದ ಯೋಜನಾ ಕಚೇರಿ, ಸಲಕರಣೆ ಬಳಸಿಕೊಳ್ಳೋಕೆ 2003ರಲ್ಲಿ ‘ಬರ್ಲಿನ್ ಪ್ಲಸ್’ ಅನ್ನೋ ಏರ್ಪಾಡು ಆಯಿತು. ಮರುವರ್ಷ ಸೈಪ್ರಸ್ ಒಳಗೆ ಬಂತು. ತುರ್ಕಿ ನ್ಯಾಟೋ ಕಡೆಯಿಂದ ತಡೆಯುತ್ತೆ, ಸೈಪ್ರಸ್ ಯೂನಿಯನ್ ಕಡೆಯಿಂದ ತಡೆಯುತ್ತೆ. ಎರಡು ಸಂಸ್ಥೆಗಳ ಮುಖ್ಯ ಕಚೇರಿಗಳೂ ಇರೋದು ಒಂದೇ ಬ್ರಸೆಲ್ಸ್ ನಗರದಲ್ಲಿ, ಆದರೂ ಗುಟ್ಟಿನ ಕಾಗದ ಆಚೆಯಿಂದ ಈಚೆಗೆ ಹೋಗೋದು ಕಷ್ಟ. ಇವತ್ತು ಆ ಏರ್ಪಾಡಿನ ಕೆಳಗೆ ನಡೀತಿರೋದು ಬೋಸ್ನಿಯಾದ ‘ಆಲ್ಥಿಯಾ’ ಒಂದೇ. 2004ರ ಡಿಸೆಂಬರಿನಲ್ಲಿ ನ್ಯಾಟೋದಿಂದ ವಹಿಸಿಕೊಂಡದ್ದು, ಇನ್ನೂ ಅಲ್ಲೇ ಇದೆ.

ದೊಡ್ಡಪ್ಪ: ಸಾಹೇಬರು ಜೀವ ತೇಯ್ದ ಜಗಳ ಇನ್ನೂ ಇಡೀ ಯುರೋಪಿನ ಕೈ ಹಿಡಿದುಕೊಂಡಿದೆ ಅನ್ನು. ಹೀಗಿರುವಾಗ ಎಲ್ಲರೂ ಒಪ್ಪಬೇಕು ಅನ್ನೋ ನಿಯಮ ತೆಗೆದುಹಾಕಿ ಬಹುಮತಕ್ಕೆ ಬಿಡಬಾರದಾ? ಒಬ್ಬರ ಹಟಕ್ಕೆ ಇಪ್ಪತ್ತಾರು ಜನ ಕಾಯಬೇಕಾ? ಹಂಗೆರಿ ಉಕ್ರೇನಿನ ನೆರವನ್ನೇ ತಡೆಯಿತು ಅಂತ ನೀನೇ ಹೇಳಿದ್ದೆ.

ಮಗಳು: ತಡೆಯಿತು. ಉಕ್ರೇನಿಗೆ ಕೊಟ್ಟ ಆಯುಧಕ್ಕೆ ವಾಪಸು ಕೊಡಬೇಕಾಗಿದ್ದ 600 ಕೋಟಿಗೂ ಹೆಚ್ಚು ಯೂರೋ ಅದರ ವಿಟೋದಿಂದ ಸಿಕ್ಕಿಕೊಂಡಿತು. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೂ ಬಹುಮತದ ಮಾತಿಗೆ ನಾನು ಸುಲಭವಾಗಿ ಹೂಂ ಅನ್ನಲಾರೆ ದೊಡ್ಡಪ್ಪ. ಐರ್ಲೆಂಡ್ ನೋಡಿ. ಯಾವ ಸೇನಾ ಕೂಟಕ್ಕೂ ಸೇರದ ದೇಶ. 2008ರಲ್ಲಿ ಲಿಸ್ಬನ್ ಒಪ್ಪಂದವನ್ನ ಅಲ್ಲಿನ ಜನ ಮತ ಹಾಕಿ ತಿರಸ್ಕರಿಸಿದ್ರು. ನಮ್ಮ ಮಕ್ಕಳನ್ನ ಯಾರದೋ ಯುದ್ಧಕ್ಕೆ ಎಳೀತಾರೆ ಅನ್ನೋ ಭಯವೂ ಅದರಲ್ಲಿತ್ತು. ನಿಮ್ಮ ತಟಸ್ಥ ನೀತಿಗೆ ಧಕ್ಕೆ ಇಲ್ಲ ಅಂತ ಬರೆದುಕೊಟ್ಟ ಮೇಲೆ 2009ರಲ್ಲಿ ಒಪ್ಪಿದ್ರು. ಆಸ್ಟ್ರಿಯಾದಲ್ಲಿ ತಟಸ್ಥರಾಗಿರೋದು 1955ರಿಂದ ಸಂವಿಧಾನದ ಮಾತು. ಜರ್ಮನಿಯಲ್ಲಿ ಸೈನಿಕರನ್ನ ಹೊರಗೆ ಯುದ್ಧಕ್ಕೆ ಕಳಿಸೋಕೆ ಸಂಸತ್ತು ಒಪ್ಪಲೇಬೇಕು ಅಂತ 1994ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿದೆ. ಹೆಣ ಬರೋದು ಡಬ್ಲಿನ್ನಿಗೆ, ಬರ್ಲಿನ್ನಿಗೆ. ಅಲ್ಲಿ ಮತ ಕೇಳೋರಿಗೆ ಬೇಡ ಅನ್ನೋ ಹಕ್ಕು ಇರಬೇಡವಾ?

ದೊಡ್ಡಪ್ಪ: ಇರಬೇಕು. ತಟಸ್ಥರಿಗೂ ಕೆಲಸ ಇದೆ ಅಂತ ನಮ್ಮ ದೇಶಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ತಿಮ್ಮಯ್ಯ ಸಾಹೇಬರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ರು, ಎರಡು ಪಕ್ಷಕ್ಕೂ ಸೇರದವರು ಅಂತಲೇ ನಮ್ಮನ್ನ ಕರೆದದ್ದು. ಬೇಡ ಅನ್ನೋರು ತಾವು ಹೋಗದೆ ಇರಲಿ. ಹೋಗ್ತೀನಿ ಅನ್ನೋರನ್ನ ಯಾಕೆ ತಡೀಬೇಕು?

ಮಗಳು: ಅದಕ್ಕೂ ಒಪ್ಪಂದದಲ್ಲಿ ದಾರಿ ಇದೆ. 44ನೇ ವಿಧಿ: ಎಲ್ಲರ ಪರವಾಗಿ ಕೆಲವೇ ದೇಶಗಳಿಗೆ ಕೆಲಸ ಒಪ್ಪಿಸಬಹುದು. ಆದರೆ ಒಪ್ಪಿಸೋಕೆ ಮತ್ತೆ ಎಲ್ಲರ ಒಪ್ಪಿಗೆ ಬೇಕು. ಜನರ ಮನಸ್ಸು ಬದಲಾಗ್ತಾ ಇದೆ ಅನ್ನೋದನ್ನೂ ಹೇಳಬೇಕು. ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ ವರ್ಷವೇ, ಮೂವತ್ತು ವರ್ಷ ಈ ನೀತಿಯಿಂದ ಹೊರಗಿದ್ದ ಡೆನ್ಮಾರ್ಕಿನಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಒಳಗೆ ಹೋಗೋಣ ಅಂದ್ರು. ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನ್ಯಾಟೋ ಸೇರಿದವು.

ದೊಡ್ಡಪ್ಪ: ಸ್ವೀಡನ್ ಅಂದರೆ ನಮ್ಮ ಬೋಫೋರ್ಸ್. ಕಾರ್ಗಿಲ್‌ನಲ್ಲಿ ಆ ಗನ್ ಮಾಡಿದ ಕೆಲಸ ದೇಶಕ್ಕೇ ಗೊತ್ತು. ಈಗ ದುಡ್ಡಿನ ಮಾತಿಗೆ ಬರೋಣ. ಉಕ್ರೇನಿಗೆ ಹತ್ತು ಲಕ್ಷ ಶೆಲ್ ಕೊಡ್ತೀವಿ ಅಂದಿದ್ರಲ್ಲ, ಕೊಟ್ರಾ?

ಮಗಳು: 2023ರ ಮಾರ್ಚಿನಲ್ಲಿ ಮಾತು ಕೊಟ್ರು, ಹನ್ನೆರಡು ತಿಂಗಳ ಗಡುವು. ಗಡುವು ಮುಗಿದಾಗ ತಲುಪಿದ್ದು ಅರ್ಧದ ಆಸುಪಾಸು. ಕಾರ್ಖಾನೆಗಳು ಶಾಂತಿಕಾಲದ ಅಳತೆಗೆ ಇಳಿದುಬಿಟ್ಟಿದ್ದವು. ಜೆಕ್ ದೇಶ ಮುಂದೆ ಬಂದು ಯುರೋಪಿನ ಹೊರಗೆ ಎಲ್ಲೆಲ್ಲಿ ಶೆಲ್ ಸಿಗುತ್ತೋ ಹುಡುಕಿ ಕೊಂಡು ಕೊಡಿಸೋ ಹಾಗಾಯಿತು.

ದೊಡ್ಡಪ್ಪ: ಲೆಕ್ಕ ಅಷ್ಟಕ್ಕೇ ಮುಗಿಯೋದಿಲ್ಲ. 155 ಮಿಲಿಮೀಟರ್ ಅಂತ ಬರೆದಿದ್ದರೆ ಎಲ್ಲ ಗನ್ನಿಗೂ ಒಂದೇ ಅಂತ ಹೊರಗಿನವರು ತಿಳೀತಾರೆ. ಬ್ಯಾರೆಲ್ ಉದ್ದ ಬೇರೆ, ಚೇಂಬರ್ ಬೇರೆ, ಹಿಂದೆ ತುಂಬೋ ಚಾರ್ಜ್ ಬೇರೆ, ಫ್ಯೂಸ್ ಬೇರೆ. ಆ ಗನ್ನಿಗೆ ಆ ಶೆಲ್ಲಿನ ಫೈರಿಂಗ್ ಟೇಬಲ್ ಇಲ್ಲದಿದ್ದರೆ ಗುಂಡು ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕೋದೇ ಆಗೋದಿಲ್ಲ. ಆರು ದೇಶದ ಗನ್ ಒಂದೇ ಬ್ಯಾಟರಿಗೆ ಬಂದರೆ ಅಲ್ಲಿರೋ ಹವಾಲ್ದಾರನ ಪಾಡು ನನಗೆ ಅರ್ಥವಾಗುತ್ತೆ.

ಮಗಳು: ಟ್ಯಾಂಕಿನದೂ ಅದೇ ಕಥೆ. ಜರ್ಮನಿಯ ಲೆಪರ್ಡ್, ಫ್ರಾನ್ಸಿನ ಲೆಕ್ಲೇರ್, ಇಟಲಿಯ ಆರಿಯೆಟೆ. ಪ್ರತಿ ದೇಶಕ್ಕೂ ತನ್ನ ಕಾರ್ಖಾನೆ, ತನ್ನ ಕೆಲಸಗಾರರು, ತನ್ನ ಚುನಾವಣೆ. ಈಗ 2025ರಲ್ಲಿ ‘ಸೇಫ್’ ಅಂತ 15,000 ಕೋಟಿ ಯೂರೋ ಸಾಲದ ನಿಧಿ ಮಾಡಿದ್ದಾರೆ. ಸೇರಿ ಕೊಂಡುಕೊಳ್ಳಿ, ಬಿಡಿಭಾಗದ ಬೆಲೆಯಲ್ಲಿ ಶೇ. 65ರಷ್ಟಾದರೂ ಯುರೋಪ್ ಅಥವಾ ಉಕ್ರೇನಿನದಾಗಿರಲಿ ಅನ್ನೋದು ಷರತ್ತು. ಸಾಗಣೆ ಇನ್ನೊಂದು ತೊಡಕು. ಒಂದು ದೇಶದ ಟ್ಯಾಂಕ್ ಇನ್ನೊಂದರ ಗಡಿ ದಾಟೋಕೆ ಅನುಮತಿ ಪತ್ರಕ್ಕೆ ವಾರಗಟ್ಟಲೆ ಕಾದದ್ದುಂಟು. ಅರವತ್ತು ಟನ್ ತಡೆಯದ ಸೇತುವೆಗಳಿವೆ. ಪೋಲೆಂಡಿನ ರೈಲು ಹಳಿ 1,435 ಮಿಲಿಮೀಟರ್, ಲಿಥುವೇನಿಯಾದಿಂದ ಆಚೆಗೆ 1,520, ರಷ್ಯಾದ ಅಳತೆ.

ದೊಡ್ಡಪ್ಪ: ನಮ್ಮಲ್ಲಿ ಮೀಟರ್ ಗೇಜ್, ಬ್ರಾಡ್ ಗೇಜ್ ಎರಡೂ ಇದ್ದ ಕಾಲದಲ್ಲಿ ಜಂಕ್ಷನ್ನಿನಲ್ಲಿ ಮೂಟೆ ಇಳಿಸಿ ಇನ್ನೊಂದು ಗಾಡಿಗೆ ಹೇರ್ತಿದ್ದ ಹಾಗೆ. ಹತ್ತಿ ಮೂಟೆಗೆ ಅದು ನಡೆಯುತ್ತೆ. ಯುದ್ಧದ ಮೊದಲ ವಾರದಲ್ಲಿ ನಡೆಯೋದಿಲ್ಲ. ಬಾಲ್ಟಿಕ್ ದೇಶಗಳ ಜನಕ್ಕೆ ಆ ಮೊದಲ ವಾರವೇ ಎಲ್ಲ.

ಮಗಳು: ಆ ಹಳಿ ಹಾಕೋ ಕೆಲಸ ನಡೀತಿದೆ, ‘ರೈಲ್ ಬಾಲ್ಟಿಕಾ’ ಅಂತ. ಹೇಳಿ, ನಿಮ್ಮ ತೀರ್ಮಾನ ಏನು?

ದೊಡ್ಡಪ್ಪ: ನೀನು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನ ತಿದ್ದಿತು. ಸೈನಿಕನನ್ನ ಕಳಿಸೋ ಹಕ್ಕು ಅವನ ಊರಿನವರು ಆರಿಸಿದ ಸಂಸತ್ತಿನ ಕೈಯಲ್ಲೇ ಇರಲಿ. ಆದರೆ ಆ ಸಂಸತ್ತು ಬೆಂಕಿ ಬಿದ್ದ ಮೇಲೆ ಯೋಚನೆ ಶುರು ಮಾಡಬಾರದು. ಒಪ್ಪೋ ದೇಶಗಳು ಶಾಂತಿಯಲ್ಲಿರುವಾಗಲೇ ಇಷ್ಟು ಜನ, ಈ ಕಮಾಂಡರ್, ಇಂಥ ಸಂದರ್ಭಕ್ಕೆ ಅಂತ ಅನುಮತಿ ಕೊಟ್ಟಿಡಲಿ. ಖರ್ಚನ್ನ ಎಲ್ಲರೂ ಸೇರಿ ಹೊರಲಿ, ತಟಸ್ಥರು ಸೇತುವೆಗೆ, ಆಸ್ಪತ್ರೆಗೆ ಕೊಡಲಿ. ಶೆಲ್ ಒಂದೇ ಅಳತೆಯದಾಗಲಿ. ಇಷ್ಟು ಮಾಡದೆ ಎಷ್ಟು ಸಾವಿರ ಕೋಟಿ ಸುರಿದರೂ ಸ್ರೆಬ್ರೆನಿತ್ಸಾದ ಗೇಟಿನಲ್ಲಿ ನಿಂತ ಜನಕ್ಕೆ ಕೊಟ್ಟಂಥದ್ದೇ ಮಾತನ್ನ ಇನ್ನೊಂದು ಊರಿನವರಿಗೆ ಕೊಟ್ಟ ಹಾಗೆ. ಕಾಯ್ತೀವಿ ಅಂತ ಹೇಳಿ ಕಾಯದೆ ಇರೋದು, ಕಾಯೋದಿಲ್ಲ ಅಂತ ನೇರವಾಗಿ ಹೇಳೋದಕ್ಕಿಂತ ಕೆಟ್ಟದ್ದು.

ಮಗಳು: ಇದಕ್ಕೆಲ್ಲ ಹೊಸ ಒಪ್ಪಂದ ಬೇಕಾಗಿಲ್ಲ ದೊಡ್ಡಪ್ಪ. ಅದೇ 42ನೇ ವಿಧಿಯ ಎರಡನೇ ಕಲಂನಲ್ಲಿ ಬರೆದಿದೆ, ಎಲ್ಲ ದೇಶಗಳ ನಾಯಕರೂ ಸರ್ವಾನುಮತದಿಂದ ತೀರ್ಮಾನಿಸಿದರೆ ಇಡೀ ಯೂನಿಯನ್ನಿಗೆ ಒಂದೇ ರಕ್ಷಣೆ ಅನ್ನೋದು ಜಾರಿಗೆ ಬರುತ್ತೆ ಅಂತ. ಕಲಂ ಜಾರಿಯಲ್ಲಿರೋದು 2009ರ ಡಿಸೆಂಬರ್ 1ರಿಂದ. ಆ ತೀರ್ಮಾನ ಇನ್ನೂ ಆಗಿಲ್ಲ.